ಪಕ್ಕದಲ್ಲಿ ಕೂರಿಸ್ಕೊಂಡು ಓದಿಸಿದ ಮೇಲೇ ಗೊತ್ತಾಗಿದ್ದು

ಐದನೇ ಕ್ಲಾಸಿನ ಒಬ್ಬ ಹುಡುಗ ಇದ್ದ, ಕನ್ನಡ ಪುಸ್ತಕ ತೆಗಿಯೋ ಅಂದ್ರೆ ಸಾಕು ಪಾಠ ಪೂರ್ತಿ ಗಟಗಟ ಓದಿಬಿಡೋನು. ಅವತ್ತು ಬಗ್ಗಿ ನೋಡ್ದೆ, ಬಾಯಿ ಐದನೇ ಸಾಲಲ್ಲಿದೆ, ಬೆರಳು ಇನ್ನೂ ಮೂರನೇ ಸಾಲಲ್ಲೇ ಇದೆ. ಸುಮ್ನೆ ಮಧ್ಯದಲ್ಲಿದ್ದ ಒಂದು ಪದ ತೋರಿಸಿ ಇದೇನಪ್ಪಾ ಅಂದೆ. ಅವನು ಪಾಠದ ಮೊದಲ ಸಾಲಿಂದ ತುಟಿ ಅಲ್ಲಾಡಿಸ್ತಾ ಮನಸ್ಸಲ್ಲೇ ಹೇಳ್ಕೊಂಡು ಬಂದು ಆ ಪದದ ಹತ್ರ ನಿಂತು 'ಮಳೆ' ಅಂದ. ಸರಿಯಾಗೇ ಹೇಳ್ದ. ಅದೇ ಪದನ ಬೇರೆ ಹಾಳೇಲಿ ಬರೆದು ಕೊಟ್ರೆ ಸುಮ್ನೆ ನನ್ನ ಮುಖ ನೋಡ್ತಾ ನಿಂತ. ಅವನಿಗೆ ಎಫ್‌ಎ-1ರಲ್ಲಿ, ಅಂದ್ರೆ ವರ್ಷದ ಮೊದಲ ಕಿರು ಪರೀಕ್ಷೇಲಿ, ಎ ಗ್ರೇಡ್ ಕೊಟ್ಟಿದ್ದು ನಾನೇ, ಇಲಾಖೆಯ ಆನ್‌ಲೈನ್ ದಾಖಲೆ ಸ್ಯಾಟ್ಸ್‌ಗೆ ಎಂಟ್ರಿ ಮಾಡಿದ್ದೂ ನಾನೇ. ಅವತ್ತು ರಾತ್ರಿ ನಂಗೆ ಸರಿಯಾಗಿ ನಿದ್ದೆ ಬರ್ಲಿಲ್ಲ.

ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಏಳು. ಮೂರನೇ ಕ್ಲಾಸ್‌ವರೆಗೂ ನಲಿಕಲಿ, ಅಂದ್ರೆ ಕಾರ್ಡ್ ಇಟ್ಕೊಂಡು ಚಟುವಟಿಕೆ ಮಾಡ್ತಾ ಮೆಟ್ಟಿಲು ಮೆಟ್ಟಿಲಾಗಿ ಕಲಿಯೋ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆ ಎಚ್.ಡಿ. ಕೋಟೆಯಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿ ನೋಡ್ಕೊಂಡು ಬಂದು ಶುರು ಮಾಡಿದ್ದು ಅದು, ಆಮೇಲೆ ರಾಜ್ಯಕ್ಕೆಲ್ಲ ಬಂತು. ಅದ್ರಲ್ಲಿ ಮಗು ತನ್ನ ಮೆಟ್ಟಿಲಲ್ಲೇ ಇರ್ಬಹುದು, ಕಾರ್ಡ್ ಮುಗಿದ್ರೆ ಮಾತ್ರ ಮುಂದಕ್ಕೆ. ನಾಲ್ಕನೇ ಕ್ಲಾಸಿಗೆ ಬಂದ ತಕ್ಷಣ ಮೆಟ್ಟಿಲು ಹೋಯ್ತು, ಪಠ್ಯಪುಸ್ತಕ ಬಂತು, ಎಲ್ರಿಗೂ ಒಂದೇ ಪುಟ. ಅಲ್ಲಿವರೆಗೆ ನಲಿಕಲೀಲಿ ಮೊದಲು ಕಲಿಸೋ 'ರ ಗ ಸ ದ ಅ' ದಾಟಿ ಗುಣಿತಾಕ್ಷರಕ್ಕೆ ಬಂದಿದ್ದ ಮಗು ಅಲ್ಲೇ ನಿಂತುಬಿಡುತ್ತೆ, ಯಾರ ಕಣ್ಣಿಗೂ ಬೀಳಲ್ಲ, ಯಾಕಂದ್ರೆ ಬೋರ್ಡ್ ನೋಡಿ ಬರೆಯೋಕೆ ಅದಕ್ಕೆ ಚೆನ್ನಾಗೇ ಬರುತ್ತೆ, ಅಕ್ಷರ ದುಂಡಗಿರುತ್ತೆ, ನೋಟ್ಸ್ ನೀಟಾಗಿರುತ್ತೆ, ನಾವೂ ಟಿಕ್ ಹಾಕಿ ಸಹಿ ಮಾಡ್ತೀವಿ.

ಸರಿ, ನಾಲ್ಕು ಮತ್ತು ಐದನೇ ಕ್ಲಾಸಿನ 34 ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಪಕ್ಕ ಕೂರಿಸ್ಕೊಂಡು ಓದಿಸ್ಬೇಕು ಅಂತ ತೀರ್ಮಾನ ಮಾಡ್ದೆ. 2005ರಿಂದ ಪ್ರಥಮ್ ಸಂಸ್ಥೆಯವ್ರು ಹಳ್ಳಿ ಹಳ್ಳಿಗೆ ಹೋಗಿ ಮನೇಲೇ ಮಕ್ಕಳನ್ನ ಓದಿಸ್ತಾರಲ್ಲ, ಅಸರ್ ಸಮೀಕ್ಷೆ, ಅದರ ದಾರೀನೇ ಹಿಡಿದೆ. ಮೊದಲು ಒಂದನೇ ಕ್ಲಾಸ್ ಮಟ್ಟದ ನಾಲ್ಕು ಸಾಲಿನ ಪ್ಯಾರಾ ಕೊಡೋದು. ಸರಾಗವಾಗಿ ಓದಿದ್ರೆ ಎರಡನೇ ಕ್ಲಾಸ್ ಮಟ್ಟದ ಕಥೆ, ತಡವರಿಸಿದ್ರೆ ಬಿಡಿ ಪದಗಳು, ಅದೂ ಆಗ್ಲಿಲ್ಲ ಅಂದ್ರೆ ಅಕ್ಷರ. ಪದ, ಅಕ್ಷರದಲ್ಲಿ ಐದಕ್ಕೆ ನಾಲ್ಕು ಸರಿ ಹೇಳಿದ್ರೆ ಆ ಮಟ್ಟ. ತಪ್ಪು ಓದಿ ತಾನೇ ತಿದ್ಕೊಂಡ್ರೆ ಅದು ತಪ್ಪಲ್ಲ. ಒಂದು ಮಗುಗೆ ನಾಲ್ಕೈದು ನಿಮಿಷ, ಅಷ್ಟೇ.

ಮೊದಲ ದಿನ ಕೆಟ್ಟೋಯ್ತು. ವರಾಂಡದಲ್ಲಿ ಕೂತಿದ್ದೆ, ಮಕ್ಕಳು ಅಲ್ಲೇ ಲೈನಲ್ಲಿ ನಿಂತಿದ್ರು. ಆರನೇ ಮಗು ಬಂದು ಕೂತು ಹಾಳೆ ಕಡೆ ನೋಡ್ದೇನೇ 'ಊರ ಮುಂದೆ ಒಂದು ಕೆರೆ ಇದೆ, ಕೆರೆ ತುಂಬಾ ನೀರು ಇದೆ' ಅಂತ ಪೂರ್ತಿ ಹೇಳ್ತು! ಹಿಂದಿನ ಐದು ಜನ ಓದಿದ್ದು ಕೇಳಿಸ್ಕೊಂಡಿತ್ತು ಪಾಪ. ಅವತ್ತಿನ ಲೆಕ್ಕ ಎಲ್ಲಾ ಬಿಟ್ಟೆ. ಮನೇಲಿ ಕೂತು ಒಂದೇ ತೂಕದ ನಾಲ್ಕು ಬೇರೆ ಬೇರೆ ಪ್ಯಾರಾ, ನಾಲ್ಕು ಕಥೆ ಬರ್ದೆ, ಪಠ್ಯಪುಸ್ತಕದ ಒಂದು ಸಾಲೂ ಬರದ ಹಾಗೆ. ಜಾಗಾನೂ ಬದಲಾಯಿಸ್ದೆ, ಬಿಸಿಯೂಟದ ಅಕ್ಕಿ ಇಡೋ ರೂಮು, ಒಬ್ಬರೇ ಒಳಗೆ. ಮೊದ್ಲು ಊಟಕ್ಕೆ ಏನ್ ತಿಂದೆ, ಮನೇಲಿ ಎಷ್ಟು ಮೇಕೆ ಇದಾವೆ ಅಂತ ಮಾತಾಡಿಸಿ ಆಮೇಲೆ ಹಾಳೆ ಕೊಡ್ತಿದ್ದೆ, ಇಲ್ಲಾಂದ್ರೆ ಹೆದರಿ ಬಾಯೇ ಬಿಡಲ್ಲ.

ಮೂರು ದಿನ ಆದ್ಮೇಲೆ ಬಂದ ಲೆಕ್ಕ ಇದು: ಕಥೆ ಓದೋರು 5 ಜನ, ಪ್ಯಾರಾ ತನಕ 7, ಪದ ತನಕ 9, ಬರೀ ಅಕ್ಷರ 8, ಅಕ್ಷರಾನೂ ನಿಲ್ಲದೇ ಇರೋರು 5. ಈ ಪರಿಸ್ಥಿತಿ ನಮ್ಮ ಶಾಲೆಗೆ ಮಾತ್ರ ಅಂತ ಅಲ್ಲ. ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳಲ್ಲಿ ಮೂರನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದೋರು 2022ರ ಅಸರ್‌ನಲ್ಲಿ ನೂರಕ್ಕೆ 16.3, 2024ರಲ್ಲಿ 23.4. ಏರಿದೆ, ಖುಷಿನೇ. ಆದ್ರೆ ಆ ನಂಬರ್ ಓದಿದಾಗ ಆಗದೇ ಇದ್ದ ಸಂಕಟ ನಮ್ಮ ಹುಡುಗನ ಬೆರಳು ನೋಡ್ದಾಗ ಆಯ್ತು. 2024ರ ಡಿಸೆಂಬರ್ 4ಕ್ಕೆ ಕೇಂದ್ರದ ಪರಖ್ ಕಲಿಕಾ ಸಮೀಕ್ಷೆ ನಡೀತಲ್ಲ 3, 6, 9ನೇ ಕ್ಲಾಸಿಗೆ, ಅಂಥವು ಬೇಕು, ಜಿಲ್ಲೆ ಎಲ್ಲಿದೆ ಅಂತ ಹೇಳ್ತವೆ. ಸೋಮವಾರ ಬೆಳಿಗ್ಗೆ ನಾನು ಯಾವ ಮಗುಗೆ ಏನು ಕಲಿಸ್ಬೇಕು ಅನ್ನೋದು ಅದ್ರಿಂದ ಸಿಗಲ್ಲ, ಅದನ್ನ ನಾವೇ ಕೂತು ಹುಡುಕ್ಬೇಕು.

ನಾನು ಮಾಡಿದ್ರಲ್ಲಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಮಟ್ಟದ ಲೆಕ್ಕಕ್ಕಿಂತ ತಪ್ಪುಗಳ ಪಟ್ಟಿ. ಮಗು ಏನು ಓದ್ತೋ ಅದನ್ನ ಹಂಗೇ ಬರ್ಕೊಂಡೆ. 'ಹಕ್ಕಿ'ನ 'ಹಕಿ' ಅಂತ, 'ಗೂಡು'ನ 'ಗುಡು' ಅಂತ, 'ಸೂರ್ಯ'ನ 'ಸೂಯ' ಅಂತ, ಅರ್ಕಾವತ್ತು ಪಕ್ಕದಲ್ಲಿ ಬರುತ್ತಲ್ಲ, ಅದನ್ನ ಏನ್ ಮಾಡ್ಬೇಕು ಅಂತಾನೇ ಎಷ್ಟೋ ಮಕ್ಕಳಿಗೆ ಗೊತ್ತಿರ್ಲಿಲ್ಲ. ಒಂದು ಮಗು 'ಕತ್ತೆ ಹುಲ್ಲು ತಿಂದಿತು' ಅನ್ನೋದನ್ನ 'ಕತೆ ಹುಲು ತಿಂದಿತು' ಅಂತ ಓದಿ ಮುಂದಕ್ಕೆ ಹೋಯ್ತು, ಕತೆ ಹೆಂಗೆ ತಿನ್ನುತ್ತೆ ಅಂತ ನಿಲ್ಲಲೇ ಇಲ್ಲ. ಅಂದ್ರೆ ಒತ್ತಕ್ಷರದ ತೊಂದ್ರೆ ಒಂದು, ಓದೋದು ಅಂದ್ರೆ ಅರ್ಥ ಹುಡುಕೋದು ಅಂತ ಅದಕ್ಕೆ ಯಾರೂ ಹೇಳೇ ಇಲ್ಲ ಅನ್ನೋದು ಇನ್ನೊಂದು. ತಾಂಡಾದಿಂದ ಬರೋ ಮಕ್ಕಳದ್ದು ಬೇರೇನೇ, ಮನೇಲಿ ಲಂಬಾಣಿ ಭಾಷೆ, ಪದ ಸರಿಯಾಗೇ ಓದ್ತಾರೆ, ಅರ್ಥ ಗೊತ್ತಿರಲ್ಲ. ಈ ಮೂರು ತರದ ಮಕ್ಕಳಿಗೂ ನಮ್ಮ ರಿಜಿಸ್ಟರ್‌ನಲ್ಲಿ ಇದ್ದಿದ್ದು ಒಂದೇ ಬಿ ಗ್ರೇಡ್.

ಆಮೇಲೆ ಪ್ರಾರ್ಥನೆ ಮುಗಿದ ಮೇಲಿನ ಒಂದು ಗಂಟೆ ನಾಲ್ಕು, ಐದು ಎರಡೂ ಕ್ಲಾಸ್ ಸೇರಿಸಿ ಮಟ್ಟದ ಪ್ರಕಾರ ಗುಂಪು ಮಾಡಿದ್ವಿ, ನಾನು ಕೆಳಗಿನ ಎರಡು ಗುಂಪು, ನಮ್ಮ ಸಹೋದ್ಯೋಗಿ ಮೇಷ್ಟ್ರು ಮೇಲಿನ ಮೂರು. 'ಪೋರ್ಷನ್ ಮುಗಿಯಲ್ಲ ಮೇಡಂ' ಅಂತ ಅವ್ರು ಹೇಳಿದ್ದು ನಿಜಾನೇ, ಒಂದೆರಡು ಪಾಠ ಕೊನೇಲಿ ಓಡಿಸ್ಬೇಕಾಯ್ತು. ಆದ್ರೂ ಆ ಗಂಟೆನ ಬಿಟ್ಕೊಡ್ಲಿಲ್ಲ. ವಡೋದರ, ಮುಂಬೈನಲ್ಲಿ 2000ದ ದಶಕದ ಆರಂಭದಲ್ಲಿ ಹಿಂದುಳಿದ ಮಕ್ಕಳನ್ನ ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಅವರ ಮಟ್ಟದಿಂದಲೇ ಕಲಿಸಿದಾಗ ಕಲಿಕೆ ಏರಿತು ಅಂತ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಅವರೆಲ್ಲ ತೋರಿಸಿದ್ರು, 2019ರಲ್ಲಿ ನೊಬೆಲ್ ಬಂತಲ್ಲ ಅವರೇ. ಆಮೇಲಿನ ಅವರ ಕೆಲಸದಲ್ಲಿ ನನಗೆ ಬಹಳ ಮುಖ್ಯ ಅನ್ಸಿದ್ದು ಹರಿಯಾಣದ್ದು: ವೇಳಾಪಟ್ಟೀಲೇ ಒಂದು ಗಂಟೆ ಮೀಸಲಿಟ್ಟು, ಮೇಲಿನವ್ರು ಬಂದು ನೋಡ್ತಿದ್ದಾಗ ಫಲ ಸಿಕ್ತು. ಬೇರೆ ಕಡೆ ಬರೀ ತರಬೇತಿ, ಸಾಮಗ್ರಿ ಕೊಟ್ಟಾಗ ಅದು ಮಾಮೂಲಿ ಪಾಠದೊಳಗೆ ಕರಗಿಹೋಯ್ತು. ನಮ್ಮಲ್ಲಿ ಎಷ್ಟು ಕಿಟ್‌ಗಳು ಬೀರೂನಲ್ಲೇ ಇದಾವೆ ಅಂತ ಯೋಚಿಸಿದ್ರೆ ಇದು ಸರಿಯಾಗಿ ಅರ್ಥ ಆಗುತ್ತೆ.

ಗಣಿತದ್ದು ಒಂದು ಹೇಳ್ಲೇಬೇಕು. 52ರಲ್ಲಿ 27 ಕಳಿ ಅಂದ್ರೆ ಒಬ್ಬ ಹುಡುಗಿ 35 ಅಂತ ಬರೆದ್ಲು. ಹೆಂಗೆ ಮಾಡ್ದೆ ಹೇಳಮ್ಮಾ ಅಂದೆ. 'ಏಳರಲ್ಲಿ ಎರಡು ಹೋದ್ರೆ ಐದು, ಐದರಲ್ಲಿ ಎರಡು ಹೋದ್ರೆ ಮೂರು. ದೊಡ್ಡದ್ರಲ್ಲಿ ಚಿಕ್ಕದನ್ನ ಕಳೀಬೇಕು ಅಂತ ನೀವೇ ಹೇಳಿದ್ರಲ್ಲ ಮಿಸ್' ಅಂದ್ಲು. ಹೌದು, ಎರಡನೇ ಕ್ಲಾಸಲ್ಲಿ ನಾವೇ ಹೇಳ್ಕೊಟ್ಟಿದ್ದು, ಅವಳು ಅಕ್ಷರಶಃ ಪಾಲಿಸ್ತಿದ್ದಾಳೆ. ಇದೇ ಹುಡುಗಿ ಸಂತೇಲಿ ಅವ್ವನ ಜೊತೆ ತರಕಾರಿ ಮಾರೋಕೆ ಕೂರ್ತಾಳೆ. 27 ರೂಪಾಯಿ ಟೊಮ್ಯಾಟೊ, 50ರ ನೋಟು ಕೊಟ್ಟೆ, ಎಷ್ಟು ವಾಪಸ್ ಕೊಡ್ತೀಯ ಅಂದೆ. 'ಮೂರು ಕೊಟ್ರೆ ಮೂವತ್ತಾಯ್ತು, ಇನ್ನಿಪ್ಪತ್ತು, ಇಪ್ಪತ್ಮೂರು' ಅಂತ ಕಣ್ಣು ಮಿಟುಕಿಸೋದ್ರೊಳಗೆ ಹೇಳಿದ್ಲು. ಕೋಲ್ಕತ್ತ, ದೆಹಲಿಯ ಮಾರ್ಕೆಟ್ಟಲ್ಲಿ ವ್ಯಾಪಾರ ಮಾಡೋ ಮಕ್ಕಳದ್ದೂ ಇದೇ ಕಥೆ ಅಂತ 2025ರಲ್ಲಿ ನೇಚರ್ ಪತ್ರಿಕೇಲಿ ಅಧ್ಯಯನ ಬಂದಿದೆ, ಬಾಯಿಲೆಕ್ಕ ಪಕ್ಕಾ, ಶಾಲೆ ಲೆಕ್ಕ ಕೊಟ್ರೆ ಆಗಲ್ಲ, ಶಾಲೆಗೆ ಮಾತ್ರ ಹೋಗೋ ಮಕ್ಕಳಿಗೆ ಅದರ ಉಲ್ಟಾ. ಅದಾದ್ಮೇಲೆ ಹತ್ತು ಹತ್ತು ಕಡ್ಡಿ ಕಟ್ಟು ಕಟ್ಟಿ ಅವಳ ಕೈಗೇ ಕೊಟ್ಟೆ, ಐದು ಕಟ್ಟು, ಎರಡು ಬಿಡಿ, ಇದ್ರಲ್ಲಿ 27 ಕೊಡು ನಂಗೆ ಅಂತ. ಕಟ್ಟು ಬಿಚ್ಚದೇ ಕೊಡೋಕಾಗಲ್ಲ ಅಂತ ಅವಳಿಗೇ ಗೊತ್ತಾಯ್ತು. ದಶಕ ಎರವಲು ಅನ್ನೋ ಮಾತನ್ನ ನಾನು ಆಮೇಲೇ ಹೇಳಿದ್ದು.

ಫೆಬ್ರವರಿಲಿ ಮತ್ತೆ ಹೊಸ ಹಾಳೆಗಳಲ್ಲಿ ಓದಿಸ್ದೆ. ಒಂದು ಮಗು ಅಪ್ಪ ಅಮ್ಮನ ಜೊತೆ ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋಗಿತ್ತು, ಉಳಿದ 33ರಲ್ಲಿ ಕಥೆ 13, ಪ್ಯಾರಾ 10, ಪದ 5, ಅಕ್ಷರ 3, ಇನ್ನೂ ಅಕ್ಷರ ನಿಲ್ಲದೇ ಇರೋರು 2. ಇದು ಪೂರ್ತಿ ಆ ಒಂದು ಗಂಟೆಯಿಂದಲೇ ಅಂತ ನಾನು ಹೇಳಲ್ಲ, ಏಳೆಂಟು ತಿಂಗಳಲ್ಲಿ ಮಕ್ಕಳು ಹೆಂಗಿದ್ರೂ ಸ್ವಲ್ಪ ಕಲೀತಾರೆ, ಹೋಲಿಸಿ ನೋಡೋಕೆ ನನ್ನ ಹತ್ರ ಬೇರೆ ಶಾಲೆ ಇರ್ಲಿಲ್ಲ. ಮೇಲೆ ಬರದೇ ಇರೋರ ಹಾಜರಿ ತೆಗೆದು ನೋಡ್ದೆ, ಶೇಂಗಾ ಕೀಳೋ ಸೀಸನ್‌ನಲ್ಲಿ ಹೆಚ್ಚೂಕಡಿಮೆ ಬಂದೇ ಇಲ್ಲ, ಒಂದು ಮಗು ತಮ್ಮನ್ನ ನೋಡ್ಕೊಳ್ಳೋಕೆ ಮನೇಲೇ ಇತ್ತು. ಇದನ್ನ ಎಸ್‌ಡಿಎಂಸಿ, ಅಂದ್ರೆ ಪೋಷಕರಿರೋ ಶಾಲಾ ಅಭಿವೃದ್ಧಿ ಸಮಿತಿ, ಸಭೇಲಿ ಹೆಸರು ಹೇಳದೆ ಇಟ್ಟೆ, ಅಂಗನವಾಡಿಯವರು ಆ ಚಿಕ್ಕ ಮಗುನ ಕರ್ಕೊಂಡು ಬರ್ತೀವಿ ಅಂದ್ರು.

ಹಿಂದೆ ಇದ್ದ ಒಂದು ಶಾಲೇಲಿ ಇಂಥ ನಿಜ ಲೆಕ್ಕ ಬರೆದಾಗ 'ಹಿಂಗೆಲ್ಲ ತೋರ್ಸಿದ್ರೆ ನಮಗೇ ನೋಟಿಸ್ ಬರುತ್ತೆ, ಸ್ವಲ್ಪ ಸರಿ ಮಾಡಿ' ಅಂತ ಹೇಳಿಸ್ಕೊಂಡಿದ್ದೀನಿ, ಆವಾಗ ಚಿಕ್ಕವಳು, ಸರಿ ಮಾಡಿಬಿಟ್ಟೆ. ಈ ಸಲ ಎಚ್‌ಎಂ ಒಂದೇ ಮಾತು ಕೇಳಿದ್ರು, 'ಮುಂದೇನ್ ಮಾಡ್ತೀರಿ?' ಅಷ್ಟೇ ಸಾಕಾಯ್ತು ನಂಗೆ.

ಜೂನ್‌ನಲ್ಲಿ ಐದನೇ ಕ್ಲಾಸ್ ಮುಗಿಸಿದ ಮಕ್ಕಳ ತಪ್ಪಿನ ಪಟ್ಟಿನ ಆರನೇ ಕ್ಲಾಸ್ ತಗೊಳ್ಳೋ ಮೇಷ್ಟ್ರಿಗೆ ಕೊಟ್ಟೆ, ಯಾರಿಗೆ ಒತ್ತಕ್ಷರ, ಯಾರಿಗೆ ದೀರ್ಘ, ಯಾರಿಗೆ ಅರ್ಥ ಅಂತ ಹೆಸರಿನ ಮುಂದೆ ಬರೆದಿದ್ದು. ಅವ್ರು ಅದನ್ನ ಮಡಚಿ ಹಾಜರಿ ಪುಸ್ತಕದೊಳಗೆ ಇಟ್ಕೊಂಡಿದ್ದಾರೆ. ಮೊನ್ನೆ ಹೋಗಿ ನೋಡಿದ್ರೆ ನಾಲ್ಕು ಹೆಸರಿನ ಮುಂದೆ ಪೆನ್ಸಿಲಲ್ಲಿ ತಾರೀಕು ಹಾಕಿದ್ರು.