ಸೈಟ್ ನೋಡೋಕೆ ಬಂದಿಲ್ಲ ಕಣಪ್ಪ

ಶುಕ್ರವಾರ ರಾತ್ರಿ ಊಟಕ್ಕೆ ಮುಂಚೆ ನಮ್ಮ ಮನೆಯಲ್ಲಿ ಒಂದು ಲೆಕ್ಕ ನಡೆಯುತ್ತದೆ. ಎಂಟನೇ ಕ್ಲಾಸಿನ ಮಗಳು ಫೋನ್ ನೋಡಿ ಎರಡು ಸಂಖ್ಯೆ ಓದುತ್ತಾಳೆ. ಅವಳಪ್ಪ ಮ್ಯಾಪ್ ತೆಗೆದು ‘ಬೇಡ, ಕಾಡು’ ಅನ್ನುತ್ತಾರೆ, ಇಲ್ಲವೇ ‘ಬಸ್ ಹೋಗತ್ತೆ’ ಅನ್ನುತ್ತಾರೆ. ಅತ್ತೆ ಅಡುಗೆಮನೆಯಿಂದಲೇ, ‘ಚಿತ್ರಾನ್ನಕ್ಕೆ ಎಷ್ಟು ಪಾವು ಅಕ್ಕಿ ಹಾಕಲಿ, ಅದನ್ನ ಹೇಳಿ ಮೊದ್ಲು’ ಅಂತ ಕೇಳುತ್ತಾರೆ.

ಇದಕ್ಕೆ ಜಿಯೋಹ್ಯಾಶಿಂಗ್ ಅಂತ ಹೆಸರು. 2008ರ ಮೇ ತಿಂಗಳಲ್ಲಿ ಎಕ್ಸ್‌ಕೆಸಿಡಿ ಎಂಬ ವೆಬ್ ಕಾಮಿಕ್‌ನಲ್ಲಿ ರ್‍ಯಾಂಡಲ್ ಮನ್ರೋ ಒಂದು ಸೂತ್ರ ಬರೆದರು. ಭೂಮಿಯನ್ನು ಒಂದೊಂದು ಡಿಗ್ರಿಯ ಚೌಕಗಳಾಗಿ ಮಾಡಿಕೊಂಡರೆ, ಪ್ರತಿ ಚೌಕದಲ್ಲೂ ದಿನಕ್ಕೊಂದು ಜಾಗವನ್ನು ಆ ಸೂತ್ರ ತೋರಿಸುತ್ತದೆ. ಅಲ್ಲಿಗೆ ಹೋಗಿ ಬರುವುದೇ ಆಟ. ನಿಧಿ ಇಲ್ಲ, ಬಚ್ಚಿಟ್ಟ ಡಬ್ಬಿ ಇಲ್ಲ. ಸುಮ್ನೆ ಹೋಗೋದು, ಸುಮ್ನೆ ಬರೋದು. ನಮ್ಮೆಜಮಾನರಿಗೆ ಇದು ಅರ್ಥವಾಗಲು ಎರಡು ತಿಂಗಳು ಬೇಕಾಯಿತು.

ಲೆಕ್ಕ ಹೀಗೆ. ತಾರೀಖು ಬರೆದು, ಒಂದು ಅಡ್ಡಗೆರೆ ಹಾಕಿ, ಅಮೆರಿಕದ ಷೇರು ಮಾರುಕಟ್ಟೆಯ ಡೌ ಜೋನ್ಸ್ ಸೂಚ್ಯಂಕ ಬೆಳಿಗ್ಗೆ ಶುರುವಾದ ಅಂಕಿ ಬರೆಯಬೇಕು. ಮನ್ರೋ ಕೊಟ್ಟ ಉದಾಹರಣೆ 2005-05-26-10458.68. ಈ ಸಾಲನ್ನು ಎಂಡಿ5 ಎಂಬ ಗಣಕ ಸೂತ್ರಕ್ಕೆ ಹಾಕಿದರೆ 32 ಅಕ್ಷರ-ಅಂಕಿಗಳ ಸರ ಬರುತ್ತದೆ. ಮೊದಲ 16 ಅಕ್ಷಾಂಶಕ್ಕೆ, ಉಳಿದ 16 ರೇಖಾಂಶಕ್ಕೆ. ಅವನ್ನು ದಶಮಾಂಶಕ್ಕೆ ತಿರುಗಿಸಿದರೆ ಆ ಉದಾಹರಣೆಯಲ್ಲಿ .857713 ಮತ್ತು .544543 ಬರುತ್ತದೆ. ನಿಮ್ಮ ಚೌಕದ ಡಿಗ್ರಿಯ ನಂತರ ಇದನ್ನು ಅಂಟಿಸಿದರೆ ಜಾಗ ಸಿಕ್ಕಿತು. ನೀವೇನೂ ಕೈಯಲ್ಲಿ ಮಾಡಬೇಕಾಗಿಲ್ಲ, ಹುಡುಕಿದರೆ ಲೆಕ್ಕ ಹಾಕಿಕೊಡುವ ಪುಟಗಳು ಸಿಗುತ್ತವೆ. ನನ್ನ ಮಗಳು ಮಾತ್ರ ಒಂದು ಸಲ ಹಟ ಹಿಡಿದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತಾನೇ ಮಾಡಿದಳು, ಆರು ಸಾಲಲ್ಲಿ ಮುಗೀತು.

ಭಾರತದವರು ಹಿಂದಿನ ದಿನದ ಡೌ ಅಂಕಿ ಹಿಡಿಯಬೇಕು. ನಮಗೆ ಬೆಳಗಾಗುವಾಗ ನ್ಯೂಯಾರ್ಕ್ ಇನ್ನೂ ಮಲಗುವ ಹೊತ್ತು, ಅಲ್ವಾ? ಅಲ್ಲಿನ ಮಾರುಕಟ್ಟೆ ತೆರೆಯುವುದು ನಮ್ಮ ಸಂಜೆ 7ಕ್ಕೆ, ಅವರ ಚಳಿಗಾಲದಲ್ಲಿ 8ಕ್ಕೆ. ಇದರಿಂದ ನಮಗೆ ಲಾಭವೇ. ಶನಿವಾರ, ಭಾನುವಾರ, ಸೋಮವಾರ ಮೂರಕ್ಕೂ ಶುಕ್ರವಾರದ ಅಂಕಿಯೇ ನಡೆಯುತ್ತದೆ. ತಾರೀಖು ಬೇರೆಯಾದ್ದರಿಂದ ಜಾಗವೂ ಬೇರೆ. ಶುಕ್ರವಾರ ರಾತ್ರಿಯೇ ಎರಡೂ ರಜೆದಿನದ ಜಾಗ ಗೊತ್ತಾಗಿ, ಅಕ್ಕಿ ಅಳೆದುಕೊಳ್ಳಬಹುದು.

ಇನ್ನು ಬೆಂಗಳೂರಿನವರದೇ ಒಂದು ವಿಶೇಷ. 13 ಡಿಗ್ರಿ ಅಕ್ಷಾಂಶದ ಗೆರೆ ಮಲ್ಲೇಶ್ವರದೊಳಗೇ ಹಾದುಹೋಗುತ್ತದೆ. ವಿಧಾನಸೌಧ, ಜಯನಗರ, ಕೆಂಗೇರಿ, ವೈಟ್‌ಫೀಲ್ಡ್ ಇವೆಲ್ಲ 12ರ ಚೌಕ. ಹೆಬ್ಬಾಳ, ಯಲಹಂಕ, ನೆಲಮಂಗಲ 13ರ ಚೌಕ. ಎರಡಕ್ಕೂ ರೇಖಾಂಶ 77, ದಶಮಾಂಶವೂ ಒಂದೇ. ಅಂದರೆ ದಿನಕ್ಕೆ ಎರಡು ಜಾಗ, ಒಂದರಿಂದ ಇನ್ನೊಂದಕ್ಕೆ ನೇರ ಉತ್ತರ-ದಕ್ಷಿಣ 110 ಕಿಲೋಮೀಟರ್. ನಾವು ಬಸವೇಶ್ವರನಗರದವರು, ಗೆರೆಯ ಪಕ್ಕದಲ್ಲೇ ಇದ್ದೇವೆ. ಹಾಗಾಗಿ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಅಕ್ಷಾಂಶದ ದಶಮಾಂಶ .80 ದಾಟಿದರೆ 12ರ ಚೌಕ ನೋಡೋದು. .20ರ ಒಳಗಿದ್ದರೆ 13. ಎರಡೂ ಅಲ್ಲದಿದ್ದರೆ ಆ ದಿನ ಮನೆಯಲ್ಲೇ ಟೀವಿ. ಯಾಕೆಂದರೆ ಅದು ಕನಕಪುರದ ಕಡೆಯೋ ಗೌರಿಬಿದನೂರಿನ ಕಡೆಯೋ ಇರುತ್ತದೆ. ರೇಖಾಂಶದ ದಶಮಾಂಶ .40ರಿಂದ .80ರೊಳಗೆ ಇರಬೇಕು. ಈ ಎರಡೂ ಕೂಡಿಬರುವುದು ಆರು ಸಲಕ್ಕೆ ಒಂದು ಸಲ. ತಿಂಗಳಿಗೆ ಒಂದು ಸಿಕ್ಕರೆ ಪುಣ್ಯ.

ಮ್ಯಾಪಿನಲ್ಲಿ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ನಮ್ಮೆಜಮಾನರು ಒಮ್ಮೆ ತಿರುಗುಮುರುಗು ಹಾಕಿ, ಉತ್ತರ ಧ್ರುವದ ಕಡೆ ಸ್ವಾಲ್ಬಾರ್ಡ್ ಪಕ್ಕದ ಸಮುದ್ರ ತೋರಿಸಿ, ‘ಸ್ವೆಟರ್ ತಗೊಳ್ಳಿ’ ಅಂದರು.

ಜಾಗ ಸಿಕ್ಕ ಮೇಲೆ ಉಪಗ್ರಹದ ಚಿತ್ರ ಹಾಕಿ ದೊಡ್ಡದು ಮಾಡಿ ನೋಡಿ. ಕೆರೆ ನಡುವೆ ಇದ್ದರೆ, ಕಲ್ಲುಕ್ವಾರಿ ಇದ್ದರೆ, ಮಿಲಿಟರಿ ಜಾಗವಾದರೆ ಅಲ್ಲಿಗೇ ಬಿಡಿ. ಬನ್ನೇರುಘಟ್ಟದ ಕಾಡಂಚು ಕೂಡ ಬೇಡ, ಆನೆ ಓಡಾಡುವ ಜಾಗ. ದಿಶಾಂಕ್ ಅಂತ ಸರ್ಕಾರದ ಒಂದು ಆ್ಯಪ್ ಇದೆ. ಜಾಗ ಒತ್ತಿದರೆ ಯಾವ ಹಳ್ಳಿ, ಸರ್ವೆ ನಂಬರ್ ಎಷ್ಟು ಅಂತ ತೋರಿಸುತ್ತದೆ. ಹಳ್ಳಿ ಹೆಸರು ಗೊತ್ತಿದ್ದರೆ ಬಸ್ ಹುಡುಕೋದು ಸುಲಭ, ಯಾರಾದರೂ ಕೇಳಿದಾಗ ಬೆಬ್ಬೆಬ್ಬೆ ಅನ್ನಬೇಕಾಗಿಲ್ಲ. ಗೇಟು ಹಾಕಿದ ಲೇಔಟುಗಳೇ ಎಲ್ಲಕ್ಕಿಂತ ಕಷ್ಟ. ಸರ್ಜಾಪುರದ ಕಡೆ ಒಂದು ಕಡೆ ನಮ್ಮನ್ನು ಒಳಗೆ ಬಿಡಲೇ ಇಲ್ಲ. ಜಾಗಕ್ಕೆ ಇನ್ನು 180 ಮೀಟರ್ ಇತ್ತು. ಕಾಂಪೌಂಡಿನ ಹೊರಗೆ ನಿಂತು ಚಕ್ಕುಲಿ ತಿಂದು ವಾಪಸ್ ಬಂದೆವು. ಅದನ್ನೂ ಲೆಕ್ಕಕ್ಕೆ ಬರೆದುಕೊಳ್ಳಿ, ಸೋತದ್ದು ಅಂತ.

ಶನಿವಾರ ಸಂಜೆ 4ಕ್ಕೆ ಆ ಜಾಗದಲ್ಲಿ ಸೇರುವುದು ಈ ಆಟದ ವಾಡಿಕೆ. ಗೆಳೆಯರನ್ನು ಕರೆಯೋದಾದರೆ ಆ ಹೊತ್ತಿಗೇ ಕರೆಯಿರಿ. ಏಪ್ರಿಲ್-ಮೇನಲ್ಲಿ ಮಾತ್ರ ಬೆಳಿಗ್ಗೆ ಹೋಗಿ, ಸಂಜೆ ಗುಡುಗು ಸಿಡಿಲು. ಒಂದು ಗುಂಪಿನಲ್ಲಿ ಎಂಟು ಜನ ದಾಟಬೇಡಿ, ಹೊಲದ ಬದುವಿನ ಮೇಲೆ ಮೆರವಣಿಗೆ ಆಗುತ್ತದೆ. ಕಾರಿಗಿಂತ ಬಸ್ ಒಳ್ಳೆಯದು. ಶಕ್ತಿ ಯೋಜನೆ ಬಂದ ಮೇಲೆ ನಾವು ಮೂವರು ಹೆಂಗಸರಿಗೆ ಬಿಎಂಟಿಸಿಯಲ್ಲಿ ಪುಕ್ಕಟೆ. ಕಾಸು ಕೊಡುವವರು ನಮ್ಮೆಜಮಾನರೊಬ್ಬರೇ, ಅದಕ್ಕೇ ಕಿಟಕಿ ಸೀಟು ಅವರಿಗೆ.

ಈಗ ಮುಖ್ಯವಾದದ್ದು. ಅಜ್ಜಿಯನ್ನು ಕರೆದುಕೊಂಡು ಹೋಗಿ.

ನವೆಂಬರ್ ಕೊನೆಯ ಒಂದು ಶನಿವಾರ ಜಾಗ ಬಿದ್ದದ್ದು ಮಾಗಡಿ ರಸ್ತೆಯಲ್ಲಿ ತಾವರೆಕೆರೆ ಕಡೆ, ರಾಗಿ ಹೊಲದೊಳಗೆ. ತೆನೆ ಕಂದು ಬಣ್ಣಕ್ಕೆ ತಿರುಗಿತ್ತು, ಕೊಯ್ಲು ಆಗಿರಲಿಲ್ಲ. ಬದುವಿನ ಮೇಲೆ ನಿಂತಾಗ ಫೋನ್ 14 ಮೀಟರ್ ಅಂದಿತು. ಬೆಳೆದ ಪೈರನ್ನು ತುಳಿಯುವ ಮಾತೇ ಇಲ್ಲ. ಅಷ್ಟರಲ್ಲಿ ಹೊಲದವರು ಬಂದರು.

‘ಸೈಟ್ ನೋಡಕ್ ಬಂದ್ರಾ? ಎಲ್ಲಿ ಬ್ರೋಕರ್ರು?’

ಬೆಂಗಳೂರಿನ ಸುತ್ತ ಎಲ್ಲಿ ಹೋದರೂ ಇದೇ ಮೊದಲ ಪ್ರಶ್ನೆ. ನಮ್ಮೆಜಮಾನರು ಅಕ್ಷಾಂಶ, ಡೌ ಜೋನ್ಸ್ ಅಂತ ಶುರು ಮಾಡಿದರು. ಹೊಲದವರ ಮುಖ ಗಂಟಿಕ್ಕಿತು. ಸರ್ವೆಯವರು ಅಂದುಕೊಂಡರೋ ಏನೋ. ಆಗ ಅತ್ತೆ ಮುಂದೆ ಬಂದರು. ‘ಸೈಟ್ ನೋಡೋಕೆ ಬಂದಿಲ್ಲ ಕಣಪ್ಪ. ಮಗೂದೊಂದು ಲೆಕ್ಕದ ಆಟ, ಇವತ್ತು ನಿಮ್ಮ ಹೊಲ ಬಂತು. ನೋಡ್ಕೊಂಡು ಹೋಗ್ತೀವಿ. ಇದು ಯಾವ ರಾಗಿ?’

‘ಜಿಪಿಯು ಇಪ್ಪತ್ತೆಂಟು ಅಮ್ಮ.’

ಅಲ್ಲಿಂದ ನಮ್ಮ ಕಡೆ ಅವರು ತಿರುಗಿಯೂ ನೋಡಲಿಲ್ಲ. ಮಳೆ, ಗೊಬ್ಬರ, ಕೊಯ್ಲಿನ ಕೂಲಿ, ಎಲ್ಲ ಮಾತಾಯಿತು. ಆಮೇಲೆ ಮಗಳಿಗೆ ಅವರೇ ದಾರಿ ತೋರಿಸಿದರು. ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು ಇರುತ್ತದಲ್ಲ, ಅದರ ಪಕ್ಕದಲ್ಲೇ ಒಂದೊಂದೇ ಹೆಜ್ಜೆ ಇಟ್ಟು ಹೋದರೆ ಪೈರು ಮುರಿಯುವುದಿಲ್ಲ. ಅವಳು ಫೋನನ್ನು ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಹೋದಳು. 9 ಮೀಟರ್, 6, ಮತ್ತೆ 8. ಫೋನಿನ ಜಿಪಿಎಸ್ ಬಯಲಲ್ಲೂ ನಾಲ್ಕೈದು ಮೀಟರ್ ಆಚೀಚೆ ಕುಣಿಯುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಡೆ ಅರ್ಧ ನಿಮಿಷ ಅಲುಗಾಡದೆ ನಿಂತರೆ ಅಂಕಿ ಕೂರುತ್ತದೆ. ದಶಮಾಂಶದ ಐದನೇ ಅಂಕಿ ಒಂದು ಬದಲಾದರೆ ಒಂದು ದೊಡ್ಡ ಹೆಜ್ಜೆ, ಅಷ್ಟೇ. 3 ಮೀಟರ್ ಅಂದಾಗ ಅವಳು ಪರದೆಯ ಫೋಟೋ ತೆಗೆದುಕೊಂಡಳು.

‘ಸಿಕ್ತಾ?’ ಅಂದರು ಅವರು. ‘ಸಿಕ್ತು.’ ‘ಏನು?’ ಅವಳಿಗೆ ಉತ್ತರ ಗೊತ್ತಾಗಲಿಲ್ಲ. ಅವರು ಅತ್ತೆಯ ಸೆರಗಿಗೆ ಒಂದು ಬೊಗಸೆ ಅವರೆಕಾಯಿ ಹಾಕಿ, ಹೊರಡುವಾಗ ದನಿ ತಗ್ಗಿಸಿ ನನಗೆ ಹೇಳಿದರು. ‘ಯಾರಾದ್ರೂ ಸೈಟ್ ತಗೊಳೋರಿದ್ರೆ ಹೇಳಿ ಅಕ್ಕ. ಆ ಕಡೆ ನಮ್ಮ ತಮ್ಮಂದು ಎರಡು ಗುಂಟೆ ಐತೆ.’

ವಾಪಸ್ ಬಸ್ ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ನಾವು ಅವತ್ತು ಕೇಳಿರಲಿಲ್ಲ. ಅರಳಿಕಟ್ಟೆಯ ಮೇಲೆ ಒಂದೂಕಾಲು ಗಂಟೆ ಕೂತು, ಅಷ್ಟೂ ಅವರೆಕಾಯಿ ಸುಲಿದು ಮುಗಿಸಿದೆವು.