ಕುರುಕ್ಷೇತ್ರದ ಹಾಡುಗಾರರೊಂದಿಗೆ, ಕಾರಂತರ ದಾರಿಯಲ್ಲಿ

ಹಾಸನದ ಸುತ್ತಲಿನ ಹಳ್ಳಿಗಳಲ್ಲಿ ನಾಟಕವೆಂದ ಕೂಡಲೇ ಜನರ ಮನಸ್ಸಿಗೆ ಬರುವುದು ಕುರುಕ್ಷೇತ್ರ. ಊರಿನವರೇ ಪಾತ್ರಗಳನ್ನು ಹಂಚಿಕೊಂಡು, ಡ್ರಾಮಾ ಮಾಸ್ಟರರನ್ನು ಕರೆಸಿ, ಹಾರ್ಮೋನಿಯಂ ಎದುರು ಕುಳಿತು ತಿಂಗಳುಗಟ್ಟಲೆ ಪದ ಕಲಿತು, ಬಾಡಿಗೆಯ ಸೀನರಿ ಕಟ್ಟಿಸಿ ರಾತ್ರಿಯಿಡೀ ಆಡುತ್ತಾರೆ. ಹಾಸನದಲ್ಲಿ ನಾನು ಹವ್ಯಾಸಿ ತಂಡ ಕಟ್ಟಿದಾಗ ಬಂದ ನಟರಲ್ಲಿ ಹೆಚ್ಚಿನವರು ಇಂಥ ರಂಗದಿಂದಲೇ ಬಂದವರು. ಆಧುನಿಕ ನಾಟಕ ಆಡಿಸಬೇಕಾದರೆ ಮೊದಲು ಇವರ ಹಾಡುಗಾರಿಕೆಯನ್ನು ಮರೆಸಬೇಕೆಂದು ಹಲವರು ಹೇಳಿದರು. ಆ ಮಾತನ್ನು ಒಪ್ಪದಿರುವ ಧೈರ್ಯ ನನಗೆ ಬಂದದ್ದು ನಾಟಕ ನಿರ್ದೇಶಕ ಬಿ. ವಿ. ಕಾರಂತರ ರಂಗಜೀವನದಿಂದ.

ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಕಾರಂತರು ಚಿಕ್ಕವಯಸ್ಸಿನಲ್ಲೇ ಗುಬ್ಬಿ ನಾಟಕ ಕಂಪನಿ ಸೇರಿದರು. ಅದರ ಒಡೆಯ ಗುಬ್ಬಿ ವೀರಣ್ಣನವರ ನೆರವಿನಿಂದ ಕಾಶಿಗೆ ಹೋಗಿ ಹಿಂದಿಯಲ್ಲಿ ಎಂ.ಎ. ಮಾಡಿದರು, ಅಲ್ಲಿಯೇ ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. ಆಮೇಲೆ ಭೋಪಾಲದ ರಂಗಮಂಡಲ, 1989ರಲ್ಲಿ ಮೈಸೂರಿನ ರಂಗಾಯಣ ಎಂಬ ನಾಟಕ ಸಂಸ್ಥೆಗಳನ್ನು ಕಟ್ಟಿದರು. ಇಷ್ಟು ದೂರ ನಡೆದರೂ ಅವರು ಕಂಪನಿ ನಾಟಕ ಕೊಟ್ಟ ಹಾಡನ್ನು ಕೈಬಿಡಲಿಲ್ಲ. ನಾಟಕದಲ್ಲಿ ಹಾಡಿಗಿರುವ ಕೆಲಸವನ್ನು ಬದಲಿಸಿದರು. ಮ್ಯಾಕ್‌ಬೆತ್ ನಾಟಕವನ್ನು ಹಿಂದಿಯಲ್ಲಿ ‘ಬರ್ನಂ ವನ’ವಾಗಿ ಆಡಿಸಿದಾಗ ಅದಕ್ಕೆ ಯಕ್ಷಗಾನದ ನಡೆ ಕೊಟ್ಟರು. ಶ್ರೀರಂಗರ ‘ಸತ್ತವರ ನೆರಳು’ ನಾಟಕಕ್ಕೆ ದಾಸರ ಪದಗಳನ್ನು ತಂದಾಗ, ಮನೆಮನೆಯಲ್ಲಿ ಭಕ್ತಿಯಿಂದ ಹಾಡುವ ಅದೇ ಪದಗಳು ಮಠದೊಳಗಿನ ಅಧಿಕಾರದಾಸೆಯನ್ನು ಎತ್ತಿ ತೋರಿಸಿದವು. ಕನ್ನಡ ರಂಗಭೂಮಿಗೆ ಅವರು ಕೊಟ್ಟದ್ದರಲ್ಲಿ ಇದೇ ದೊಡ್ಡದೆಂದು ನಾನು ತಿಳಿದಿದ್ದೇನೆ.

ನಾವು ಆರಿಸಿಕೊಂಡದ್ದೂ ಅದೇ ‘ಸತ್ತವರ ನೆರಳು’ ನಾಟಕ. ಭಜನೆಯಲ್ಲಿ ಹಾಡಿ ಬೆಳೆದ ನಟರಿಗೆ ದಾಸರ ಪದವನ್ನು ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಕಲಿಸಬೇಕಾದದ್ದು ಹಾಡುವಾಗ ರಂಗದ ಮೇಲೆ ನಿಲ್ಲುವ ಬಗೆಯನ್ನು. ಪೌರಾಣಿಕ ನಾಟಕದಲ್ಲಿ ನಟನು ಮೈಕಿನ ಮುಂದೆ ಬಂದು ನಿಂತು, ಆಲಾಪ ತೆಗೆದು, ಪದ ಮುಗಿಸಿ, ಆಮೇಲಷ್ಟೇ ಮಾತಿಗೆ ಮರಳುತ್ತಾನೆ; ಅಷ್ಟು ಹೊತ್ತು ಉಳಿದ ಪಾತ್ರಗಳು ಸುಮ್ಮನೆ ಕಾಯುತ್ತವೆ. ಆದ್ದರಿಂದ ಮೊದಲು ಹಾರ್ಮೋನಿಯಂ ಅನ್ನು ತಾಲೀಮಿನ ಕೋಣೆಯಿಂದ ಹೊರಗಿಡಿಸಿ, ಶ್ರುತಿ ಹಿಡಿಯುವ ಹೊಣೆಯನ್ನು ಮೇಳದವರ, ಅಂದರೆ ಗುಂಪಾಗಿ ಹಾಡುವವರ, ಕಂಠಕ್ಕೇ ಒಪ್ಪಿಸಿದೆ. ಸಾಲಿನ ಅರ್ಧವನ್ನು ಮೇಳ ಹಾಡಿದರೆ ಉಳಿದರ್ಧವನ್ನು ಪಾತ್ರಧಾರಿ ಮಾತಿನಂತೆ ಆಡಬೇಕು. ಒಬ್ಬರು ಹಾಡುತ್ತಿರುವಾಗಲೇ ಇನ್ನೊಬ್ಬರು ಜಗಳ ತೆಗೆಯಬೇಕು.

ಅನೇಕ ಊರುಗಳಲ್ಲಿ ದುರ್ಯೋಧನನಾಗಿ ಹೆಸರು ಮಾಡಿದ್ದ ಹಿರಿಯ ನಟರೊಬ್ಬರು, “ಪದ ಪೂರ್ತಿ ಹಾಡೋಕೆ ಬಿಡಿ ಸಾರ್, ಜನ ಅದಕ್ಕೇ ಕಾಯ್ತಿರ್ತಾರೆ” ಎಂದರು. “ಪೂರ್ತಿ ಹಾಡಿ ಯಜಮಾನ್ರೇ, ಆದ್ರೆ ಹಾಡು ಮುಗಿಯೋದ್ರೊಳಗೆ ಮಠದ ಬೀಗದ ಕೈ ನಿಮ್ಮ ಸೊಂಟದಲ್ಲಿರಬೇಕು” ಎಂದೆ. ಅವರು ಮರುಮಾತಿಲ್ಲದೆ ಎದ್ದರು. ಕಣ್ಣು ಬೀಗದ ಕೈಯ ಮೇಲೆ, ನಾಲಗೆಯ ಮೇಲೆ ವಿಠಲ; ಹೆಜ್ಜೆ ತಡವಾದಲ್ಲಿ ಸ್ವರವನ್ನು ಎಳೆದು, ಕೈ ಚಾಚುವಲ್ಲಿ ಲಯ ಬಿಗಿಮಾಡಿದರು. ಹಾಗೆ ಎಳೆಯುವ, ಬಿಗಿಮಾಡುವ ಶಕ್ತಿ ಅವರಿಗೆ ಬಂದದ್ದು ಕುರುಕ್ಷೇತ್ರದಿಂದಲೇ. ಶಾಸ್ತ್ರೀಯ ಸಂಗೀತ ಕಲಿತ ನಮ್ಮ ತಂಡದ ಕಿರಿಯರಿಗೆ ಅದು ಅಷ್ಟು ಬೇಗ ಕೈಗೂಡಲಿಲ್ಲ.

ವಾದ್ಯಗಳೆಂದರೆ ತಾಳ, ಜಾಗಟೆ ಮತ್ತು ಕೋಲಾಟದ ಕೋಲುಗಳು, ಇಷ್ಟೇ. ಧ್ವನಿಮುದ್ರಿತ ಸಂಗೀತವನ್ನು ನಾನು ಬಳಸುವುದಿಲ್ಲ, ಏಕೆಂದರೆ ನಟನು ಮಾತನ್ನು ಒಂದು ಉಸಿರು ತಡೆದರೆ ಅದು ಅವನಿಗಾಗಿ ಕಾಯುವುದಿಲ್ಲ.

ಹಾಸನಾಂಬ ಕಲಾಕ್ಷೇತ್ರದಲ್ಲಿ ಪ್ರದರ್ಶನ ನಡೆದಾಗ ಮೇಳವನ್ನು ಪರದೆಯ ಹಿಂದೆ ಬಚ್ಚಿಡದೆ, ರಂಗದ ಎಡಬದಿಯಲ್ಲಿ ಎಲ್ಲರಿಗೂ ಕಾಣುವಂತೆ ಕೂರಿಸಿದ್ದೆ. ಹಾಡುವವರಿಗೆ ನಟರ ಪಾದ ಕಾಣಬೇಕು, ನಟರಿಗೆ ಹಾಡುವವರ ಮುಖ ಕಾಣಬೇಕು. ಈಗ ಯಾವುದೇ ನಾಟಕ ಕೈಗೆತ್ತಿಕೊಂಡರೂ ಪಾತ್ರ ಹಂಚುವ ಮೊದಲೇ ಮೇಳ ಎಲ್ಲಿ ಕೂರಬೇಕೆಂಬುದನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡುತ್ತೇನೆ.