ದೀಪಾವಳಿ ಕಳೆದ ಮೇಲೂ ತೋಟದಲ್ಲಿ ಹೂವಿರಬೇಕು ಅಂದ್ರೆ

ಮಳೆಗಾಲದಲ್ಲಿ ಯಾವ ಗಿಡ ನೆಟ್ಟರೂ ಹಸಿರಾಗಿಯೇ ಕಾಣುತ್ತದೆ. ಕೈತೋಟ ಬಿಕೋ ಅನ್ನುವುದು ದೀಪಾವಳಿ ಕಳೆದು ಚಳಿ ಶುರುವಾದಾಗ. ಆ ದಿನಗಳಿಗೆ ಹೂವು ಬೇಕಿದ್ದರೆ ಆಷಾಢದಲ್ಲೇ ಯೋಚಿಸಿ.

ನನ್ನ ಮಟ್ಟಿಗೆ ಮೊದಲು ಸೇವಂತಿಗೆ. ಜೂನ್, ಜುಲೈನಲ್ಲಿ ಹಳೇ ಗಿಡದ ಬುಡದಿಂದ ಬೇರು ಸಮೇತ ಮರಿ ಕಿತ್ತು ನೆಡಿ. ಗೇಣುದ್ದ ಬಂದಾಗ ತುದಿ ಚಿವುಟಿ, ಕವಲು ಜಾಸ್ತಿ ಬರುತ್ತದೆ. ಗಣೇಶನ ಹಬ್ಬದ ಹೊತ್ತಿಗೆ ಚಿವುಟುವುದನ್ನು ನಿಲ್ಲಿಸಿ, ಇಲ್ಲವಾದರೆ ಮೊಗ್ಗು ತಡವಾಗುತ್ತದೆ. ಇನ್ನೊಂದು ಮಾತು ಬಹಳ ಮುಖ್ಯ. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ಬೀದಿದೀಪವೋ ಗೇಟಿನ ದೀಪವೋ ರಾತ್ರಿಯಿಡೀ ಮೇಲೆ ಬೀಳುತ್ತಿದ್ದರೆ ಗಿಡ ಸುಮ್ನೆ ಎಲೆ ಬಿಡುತ್ತಾ ನಿಲ್ಲುತ್ತದೆ. ಆಗ ಗೊಬ್ಬರ ಹಾಕಿ ಪ್ರಯೋಜನವಿಲ್ಲ, ಕುಂಡವನ್ನು ಕತ್ತಲಿರುವ ಕಡೆಗೆ ಸರಿಸಿ. ಕ್ರಿಸ್‌ಮಸ್ ಹೊತ್ತಿಗೆ ಕೆಂಪಾಗುವ ಪಾಯಿನ್‌ಸೆಟಿಯಾಕ್ಕೂ ಇದೇ ಮಾತು. ಅದರ ಕೆಂಪು ಹೂವಿನದಲ್ಲ, ಎಲೆಯದು. ಕತ್ತರಿಸುವಾಗ ಬರುವ ಹಾಲು ಚರ್ಮಕ್ಕೆ ಉರಿ ತರಬಹುದು, ಜೋಪಾನ.

ಅಷ್ಟು ಆರೈಕೆ ಮಾಡಲು ಪುರುಸೊತ್ತಿಲ್ಲದವರು ಗೋರಂಟೆ ನೆಡಿ. ಈಗಿನವರು ಇದನ್ನು ಮರೆತೇಬಿಟ್ಟಿದ್ದಾರೆ, ನನಗೆ ನಿಜವಾಗಿಯೂ ಬೇಸರ. ನೇರಳೆ, ಬಿಳಿ, ಗುಲಾಬಿ ಬಣ್ಣಗಳಲ್ಲಿ ಸಿಗುತ್ತದೆ. ಹಳದಿಯದಕ್ಕೆ ಮುಳ್ಳಿರುತ್ತದೆ, ಬೇಲಿಗೆ ಒಳ್ಳೆಯದು. ಮಳೆಗಾಲದಲ್ಲಿ ಕಡ್ಡಿ ಚುಚ್ಚಿದರೆ ಸಾಕು, ಚಿಗುರುತ್ತದೆ. ಚಳಿ ಬಿದ್ದ ಮೇಲೆ ಗಿಡದ ತುಂಬಾ ಹೂವು. ಹೂವು ಮುಗಿದ ಮೇಲೆ ತುಸು ಸವರಿಬಿಡಿ.

ಚೆಂಡುಹೂವು ಬೀಜ ಹಾಕಿದ ಸುಮಾರು 2 ತಿಂಗಳಿಗೆ ಹೂ ಬಿಡುತ್ತದೆ. ಎಲ್ಲವನ್ನೂ ದಸರೆಗೆಂದೇ ಬಿತ್ತಬೇಡಿ, ಅಕ್ಟೋಬರ್‌ನಲ್ಲಿ ಇನ್ನೊಂದು ಪಾತಿ ಹಾಕಿ. ಸಂಕ್ರಾಂತಿಗೂ ಹೂವು ಸಿಗುತ್ತದೆ.

ಹೂವೊಂದೇ ಅಲ್ಲ, ಕಾಯಿಯೂ ಚೆಂದ ಅಲ್ವಾ? ಡ್ಯುರಾಂಟಾದ ಹಳದಿ ಕಾಯಿಗೊಂಚಲು ಬಹಳ ದಿನ ನಿಲ್ಲುತ್ತದೆ. ಆದರೆ ಆ ಕಾಯಿ ತಿಂದರೆ ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ, ಕ್ರೋಟನ್ ಕೂಡ ಬೇಡ. ಅಂಥ ಮನೆಗೆ ದಾಸವಾಳ ಸಾಕು.

ಇಬ್ಬನಿ ಬೀಳುವ ಕಾಲ, ಸಂಜೆ ಎಲೆಯ ಮೇಲೆ ನೀರು ಹೊಯ್ಯಬೇಡಿ, ಚುಕ್ಕೆ ರೋಗ ಬರುತ್ತದೆ. ಬೆಳಿಗ್ಗೆ ಬುಡಕ್ಕೆ ಹಾಕಿ. ಸೇವಂತಿಗೆ ಹೂವು ಮುಗಿಯಿತು ಅಂತ ಗಿಡ ಕಿತ್ತೆಸೆಯಬೇಡಿ. ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಬೇಸಿಗೆಯಲ್ಲಿ ಅರೆನೆರಳಲ್ಲಿಟ್ಟು ಸ್ವಲ್ಪ ಸ್ವಲ್ಪ ನೀರು ಕೊಡುತ್ತಿರಿ. ಮುಂದಿನ ವರ್ಷದ ಮರಿಗಳು ಅದರಲ್ಲೇ ಬರುತ್ತವೆ.